ಸ್ಲೈಡುಗಳು ಕಾಯುತ್ತಿವೆ, ನೋಡುವವರಿಲ್ಲ

1965ರಲ್ಲಿ ಇಡೀ ಭಾರತದಲ್ಲಿ ಪತ್ತೆಯಾದ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷ. ಆ ವರ್ಷ ಆ ರೋಗದಿಂದ ಒಂದು ಸಾವೂ ವರದಿಯಾಗಲಿಲ್ಲ. ಚಳಿಜ್ವರದ ಕಾಟ ಇನ್ನು ಮುಗಿದಂತೆಯೇ ಎಂದು ದೆಹಲಿಯಿಂದ ಹಳ್ಳಿಯವರೆಗೆ ಎಲ್ಲರೂ ನಂಬಿದ್ದರು. ಹನ್ನೊಂದೇ ವರ್ಷ ಕಳೆಯಿತು. 1976ರಲ್ಲಿ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳೇ 64 ಲಕ್ಷ ದಾಟಿದವು. ಸತ್ತಿತೆಂದುಕೊಂಡ ಹಾವು ಮತ್ತೆ ಹೆಡೆ ಎತ್ತಿತ್ತು.

ಇದಕ್ಕೆ ಕಾರಣಗಳನ್ನು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಸೊಳ್ಳೆಗಳು ಡಿಡಿಟಿಯನ್ನು ಜೀರ್ಣಿಸಿಕೊಳ್ಳಲು ಕಲಿತವು. 1973ರ ತೈಲ ಬಿಕ್ಕಟ್ಟಿನ ನಂತರ ಕೀಟನಾಶಕಗಳ ಬೆಲೆ ಏರಿತು, ಪೂರೈಕೆ ತಪ್ಪಿತು. ಎರಡೂ ನಿಜವೇ. ಆದರೆ ಅಷ್ಟಾಗಿ ಚರ್ಚೆಗೆ ಬಾರದ ಮೂರನೆಯ ಕಾರಣವೊಂದಿದೆ. ಜ್ವರ ಬಂದವರ ಬೆರಳು ಚುಚ್ಚಿ ತೆಗೆದ ರಕ್ತದ ಸ್ಲೈಡುಗಳು ಪ್ರಯೋಗಾಲಯಗಳಲ್ಲಿ ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ರಾಶಿ ಬಿದ್ದಿದ್ದವು. ಅವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲು ಸಾಕಷ್ಟು ಜನ ಇರಲಿಲ್ಲ.

ವೈದ್ಯಕೀಯ ಪ್ರಯೋಗಾಲಯದ ಸಿಬ್ಬಂದಿ ಕೊರತೆ ಮತ್ತು ಸಂಬಳದ ಪ್ರಶ್ನೆ ಇಂದು ಮುಷ್ಕರ, ಮನವಿಪತ್ರಗಳ ಸುದ್ದಿಯಾಗಿ ಒಳಪುಟಗಳಲ್ಲಿ ಬಂದು ಹೋಗುತ್ತದೆ. ಅದು ನೌಕರರ ಸ್ವಂತ ಅಹವಾಲು ಮಾತ್ರ ಎಂದು ಓದುಗರು ಪುಟ ತಿರುಗಿಸುತ್ತಾರೆ. ಕಳೆದ ಏಳು ದಶಕಗಳ ಚರಿತ್ರೆ ನೋಡಿದರೆ, ಅದು ಜ್ವರ ಬಂದ ಪ್ರತಿಯೊಬ್ಬನ ಅಹವಾಲು ಎಂಬುದು ಮನದಟ್ಟಾಗುತ್ತದೆ.

ನೂರು ಕಡೆ ಹುಡುಕಬೇಕು

ಪ್ರಯೋಗಾಲಯದೊಳಗೆ ನಡೆಯುವ ಕೆಲಸ ಏನೆಂದು ಮೊದಲು ತಿಳಿಯುವುದು ಒಳ್ಳೆಯದು. ಮಲೇರಿಯಾ ಪರೀಕ್ಷೆಗೆ ಒಂದು ಗಾಜಿನ ಪಟ್ಟಿಯ ಮೇಲೆ ರಕ್ತದ ಎರಡು ಲೇಪನ ಮಾಡುತ್ತಾರೆ. ಒಂದು ದಪ್ಪ, ಇನ್ನೊಂದು ತೆಳು. ಅದನ್ನು ಒಣಗಿಸಿ ಬಣ್ಣ ಹಾಕಬೇಕು. ಬಣ್ಣ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಆಮೇಲೆ ಒಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕದ ಅತಿ ಶಕ್ತಿಯ ಮಸೂರದಲ್ಲಿ ನೋಡಬೇಕು. ಆ ಮಸೂರದ ಕೆಳಗೆ ಒಮ್ಮೆಗೆ ಕಾಣುವುದು ಲೇಪನದ ಅತಿ ಚಿಕ್ಕ ವೃತ್ತ. ರೋಗಾಣು ಇಲ್ಲ ಎಂದು ಬರೆಯುವ ಮೊದಲು ಇಂಥ ನೂರು ವೃತ್ತಗಳನ್ನಾದರೂ ಒಂದೊಂದಾಗಿ ನೋಡಲೇಬೇಕು ಎಂಬುದು ನಿಯಮ.

ಗಮನಿಸಬೇಕಾದ ಸಂಗತಿ ಇಲ್ಲೇ ಇದೆ. ರೋಗಾಣು ‘ಇದೆ’ ಎಂದು ಹೇಳುವುದು ಬೇಗ ಮುಗಿಯಬಹುದು. ಮೊದಲ ವೃತ್ತದಲ್ಲೇ ಅದು ಸಿಕ್ಕೀತು. ‘ಇಲ್ಲ’ ಎಂದು ಹೇಳುವುದಕ್ಕೇ ಹೆಚ್ಚು ಸಮಯ. ಕೆಲಸದ ಹೊರೆ ಮೀರಿದಾಗ ಕತ್ತರಿ ಬೀಳುವುದೂ ಈ ‘ಇಲ್ಲ’ಗಳ ಮೇಲೆಯೇ. ನೂರರ ಬದಲು ಇಪ್ಪತ್ತು ವೃತ್ತ ನೋಡಿ ಬರೆದ ವರದಿಯೂ ನೂರು ನೋಡಿ ಬರೆದ ವರದಿಯೂ ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ. ವೈದ್ಯರಿಗೆ ವ್ಯತ್ಯಾಸ ತಿಳಿಯದು. ರೋಗಿಗಂತೂ ತಿಳಿಯುವ ಮಾತೇ ಇಲ್ಲ.

ಈಗ ಒಂದು ಚಿಕ್ಕ ಲೆಕ್ಕ. ಮಲೇರಿಯಾ ನಿರ್ಮೂಲನ ಕಾರ್ಯಕ್ರಮದಲ್ಲಿ ಸುಮಾರು 10 ಲಕ್ಷ ಜನಸಂಖ್ಯೆಗೆ ಒಂದು ಘಟಕ. ವರ್ಷಕ್ಕೆ ಕನಿಷ್ಠ ಶೇ. 10ರಷ್ಟು ಜನರ ರಕ್ತ ಪರೀಕ್ಷೆಯಾಗಬೇಕೆಂಬುದು ಗುರಿ. ಅಂದರೆ ಘಟಕವೊಂದಕ್ಕೆ ವರ್ಷಕ್ಕೆ ಒಂದು ಲಕ್ಷ ಸ್ಲೈಡು. ಕೆಲಸದ ದಿನಗಳು 300 ಎಂದಿಟ್ಟುಕೊಂಡರೆ ದಿನಕ್ಕೆ 330ಕ್ಕೂ ಹೆಚ್ಚು. ಒಬ್ಬರು ದಿನಕ್ಕೆ 60 ಸ್ಲೈಡನ್ನು ಸರಿಯಾಗಿ ನೋಡಬಲ್ಲರು ಎಂದರೆ ಐದಾರು ಜನ ಪ್ರತಿದಿನ ತಪ್ಪದೆ ಕೂತು ನೋಡಬೇಕು. ಎರಡು ಹುದ್ದೆ ಖಾಲಿ ಬಿದ್ದರೆ ದಿನಕ್ಕೆ 120 ಸ್ಲೈಡು ಉಳಿಯುತ್ತವೆ. ಒಂದೇ ತಿಂಗಳಲ್ಲಿ 3,000. ರಜೆ ಹಾಕಿದವರು, ಕಣ್ಣು ನೋವು ಬಂದವರು, ಬೇರೆ ಕೆಲಸಕ್ಕೆ ನಿಯೋಜನೆಗೊಂಡವರು ಈ ಲೆಕ್ಕದಲ್ಲಿ ಸೇರಿಲ್ಲ.

ಹೆಸರು ಉಳಿಯದವರು

ಪ್ರಯೋಗಾಲಯದ ಸಹಾಯಕರನ್ನು ಲೆಕ್ಕಕ್ಕೆ ಹಿಡಿಯದಿರುವ ರೂಢಿ ಹಳೆಯದು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅವರ ಹೆಸರು ಶಾಲಾ ಮಕ್ಕಳಿಗೂ ಗೊತ್ತು. ರಾಸ್ ಅವರಿಗೆ ಬೆಂಗಳೂರಿನ ನಂಟೂ ಇತ್ತು. 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಅವರು ಕಂಡುಕೊಂಡಿದ್ದರು. 1895ರಲ್ಲಿ ಕಾಲರಾ ಹತೋಟಿಯ ಕೆಲಸಕ್ಕೆ ಮತ್ತೆ ಬೆಂಗಳೂರಿಗೆ ಬಂದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡರು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಸಂದಾಯವಾಯಿತು.

ಮರುವರ್ಷ ಕಲ್ಕತ್ತೆಯಲ್ಲಿ ಗುಬ್ಬಚ್ಚಿಗಳ ಮೇಲೆ ಪ್ರಯೋಗ ನಡೆಸುವಾಗ ರಾಸ್ ಅವರು ಮಹಮದ್ ಬಕ್ಷ್ ಎಂಬಾತನನ್ನು ಸಹಾಯಕನಾಗಿ ಇಟ್ಟುಕೊಂಡರು. ರಾಸ್ ತಮ್ಮ ನೆನಪಿನ ಬರಹದಲ್ಲಿ ಆತನನ್ನು ಸ್ಮರಿಸಿದ್ದಾರೆ. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಂತು. ಬಕ್ಷ್ ಮುಂದೇನಾದ ಎಂದು ಕೇಳಿದವರು ಕಡಿಮೆ.

ಆ ನಂತರ ಪ್ರಯೋಗಾಲಯದ ಕೆಲಸ ಅಗ್ಗವೂ ಸರಳವೂ ಆಗಲು ನಮ್ಮವರದೇ ಒಂದು ಕೊಡುಗೆ ಸೇರಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿದೇಶೀ ಬಣ್ಣಗಳಿಗೆ ಅಭಾವ. 1944ರಲ್ಲಿ ಜಸವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ವಿಜ್ಞಾನಿಗಳು ಸುಲಭವಾಗಿ ತಯಾರಿಸಬಹುದಾದ ಬಣ್ಣವೊಂದನ್ನು ರೂಪಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ‘ಜೆಎಸ್‌ಬಿ’ ಬಣ್ಣವಾಯಿತು. ಮುಂದೆ ದೇಶದಾದ್ಯಂತ ಮಲೇರಿಯಾ ಪ್ರಯೋಗಾಲಯಗಳಲ್ಲಿ ಅದು ಬಳಕೆಗೆ ಬಂತು. ಬಣ್ಣದ ಕೊರತೆ ಹೀಗೆ ನೀಗಿತು. ಬಣ್ಣ ಹಾಕಿ ನೋಡುವವರ ಕೊರತೆ ನೀಗಲಿಲ್ಲ.

ಗೋಡೆಯ ಮೇಲಿನ ತಾರೀಖು

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಾಜು. ಮಲೆನಾಡಿನ ಹಳ್ಳಿಗಳಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹೆದರುತ್ತಿದ್ದ ಕಾಲವದು.

1940ರ ದಶಕದ ಮಧ್ಯದಲ್ಲಿ ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಅವರು ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ಪ್ರಯೋಗ ಆರಂಭಿಸಿದರು. ಅದರ ಫಲ ಎದ್ದು ಕಾಣುವಂತಿತ್ತು. ಈ ಬಗೆಯ ಅನುಭವದ ಬಲದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಐದೇ ವರ್ಷದಲ್ಲಿ ಪ್ರಕರಣಗಳು 20 ಲಕ್ಷಕ್ಕೆ ಇಳಿದವು. ಉತ್ಸಾಹಗೊಂಡ ಸರ್ಕಾರ 1958ರಲ್ಲಿ ‘ನಿಯಂತ್ರಣ’ ಎಂಬ ಪದವನ್ನು ಕಿತ್ತು ‘ನಿರ್ಮೂಲನ’ ಎಂದು ಹಾಕಿತು. ಅದೇ ವರ್ಷ ಹೊರಬಂದ ವಿಶ್ವನಾಥನ್ ಅವರ ಪುಸ್ತಕದ ಹೆಸರಿನಲ್ಲೂ ಭಾರತದಲ್ಲಿ ಮಲೇರಿಯಾದ ಮೇಲೆ ‘ವಿಜಯ’ ಎಂಬ ಮಾತೇ ಇತ್ತು.

ಪದ ಬದಲಾದೊಡನೆ ಕೆಲಸದ ಸ್ವರೂಪವೂ ಬದಲಾಯಿತು. ರೋಗ ತಗ್ಗಿಸುವುದಕ್ಕೆ ಸಿಂಪಡಣೆ ಸಾಕಿತ್ತು. ರೋಗವನ್ನು ಬೇರುಸಹಿತ ಕೀಳಬೇಕಾದರೆ ಕೊನೆಯ ರೋಗಿಯವರೆಗೆ ಹುಡುಕಬೇಕು. 10,000 ಜನಕ್ಕೆ ಒಬ್ಬ ಕಣ್ಗಾವಲು ಕಾರ್ಯಕರ್ತ ನೇಮಕವಾದ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೆ ಹೋಗಿ, ‘ಯಾರಿಗಾದರೂ ಜ್ವರ ಬಂದಿತ್ತೇ?’ ಎಂದು ವಿಚಾರಿಸಿ, ಬಂದಿದ್ದರೆ ಬೆರಳು ಚುಚ್ಚಿ ರಕ್ತ ತೆಗೆದು, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಹೋಗುವುದು ಅವನ ಕೆಲಸ. ಹಳೆಯ ಮನೆಗಳ ಬಾಗಿಲ ಪಕ್ಕದ ಆ ತಾರೀಖಿನ ಸಾಲನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ತೆಗೆದ ಸ್ಲೈಡು ಘಟಕದ ಕೇಂದ್ರ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ರೋಗಾಣು ಇದೆಯೆಂದು ವರದಿ ಬಂದರೆ ಮಾತ್ರ ರೋಗಿಗೆ ಪ್ರೈಮಾಕ್ವಿನ್ ಸೇರಿದ ಪೂರ್ಣ ಚಿಕಿತ್ಸೆ. ಮೊದಲು ಕೊಟ್ಟ ಮಾತ್ರೆಯಿಂದ ಜ್ವರ ಇಳಿಯುತ್ತದೆ, ರೋಗಿ ಗದ್ದೆಗೆ ಹೋಗುತ್ತಾನೆ. ಆದರೆ ಒಂದು ಜಾತಿಯ ಪರೋಪಜೀವಿ ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಏಳುತ್ತದೆ. ಇನ್ನೊಂದು ಜಾತಿಯದು ಸೊಳ್ಳೆಗೆ ದಾಟಿಕೊಳ್ಳುವ ರೂಪದಲ್ಲಿ ರಕ್ತದಲ್ಲೇ ಸುತ್ತುತ್ತಿರುತ್ತದೆ. ಸೊಳ್ಳೆಯೊಳಗೆ ಅದು ಬೆಳೆದು ಮುಂದಿನವರಿಗೆ ಅಂಟಲು ಹತ್ತರಿಂದ ಹದಿನಾಲ್ಕು ದಿನ ಸಾಕು. ವರದಿ ಬರಲು ಒಂದು ತಿಂಗಳಾದರೆ ರೋಗ ಅಷ್ಟರಲ್ಲಿ ನೆರೆಮನೆಗೆ ಹೋಗಿರುತ್ತದೆ. ತಡವಾಗಿ ಬಂದ ಸರಿಯಾದ ವರದಿಯೂ ಇಲ್ಲಿ ಕೆಲಸಕ್ಕೆ ಬಾರದು.

ಹುಡುಕುವವರು ಸಾವಿರಾರು ಮಂದಿ ಸ್ಲೈಡು ತಂದು ಸುರಿಯುತ್ತಿದ್ದರು. ನೋಡುವವರು ಆ ಪ್ರಮಾಣದಲ್ಲಿ ಇರಲಿಲ್ಲ. ಕಾಲಮಿತಿಯ ಕಾರ್ಯಕ್ರಮವಾದ್ದರಿಂದ ರೋಗ ಹೋದ ಮೇಲೆ ಈ ಸಿಬ್ಬಂದಿ ಬೇಕಾಗದು ಎಂಬ ಭಾವನೆ ಮೊದಲಿನಿಂದಲೂ ಇತ್ತು. ರೋಗ ತಗ್ಗಿದ ಜಿಲ್ಲೆಗಳ ಹೊಣೆಯನ್ನು ಸಾಮಾನ್ಯ ಆರೋಗ್ಯ ಸೇವೆಗೆ ಒಪ್ಪಿಸಬೇಕೆಂದು ತೀರ್ಮಾನವಾಯಿತು. 1963ರ ಚಡ್ಡಾ ಸಮಿತಿ ಇದಕ್ಕೆ ದಾರಿ ಹಾಕಿಕೊಟ್ಟಿತು. ಒಪ್ಪಿಸಿಕೊಳ್ಳಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಲವೆಡೆ ಸಿದ್ಧವಾಗಿರಲಿಲ್ಲ. ಕಟ್ಟಡವಿದ್ದರೆ ಸೂಕ್ಷ್ಮದರ್ಶಕವಿಲ್ಲ, ಅದಿದ್ದರೆ ತಂತ್ರಜ್ಞನಿಲ್ಲ.

1976ರ ಪೆಟ್ಟು ಬಿದ್ದ ಮೇಲೆ ಕಣ್ಣು ತೆರೆಯಿತು. 1977ರಲ್ಲಿ ಜಾರಿಗೆ ಬಂದ ಮಾರ್ಪಡಿಸಿದ ಯೋಜನೆಯಲ್ಲಿ ‘ನಿರ್ಮೂಲನ’ದ ಹಠ ಬಿಟ್ಟು ರೋಗವನ್ನು ಹತೋಟಿಯಲ್ಲಿಡುವ ಗುರಿ ಬಂತು. ಅದರ ಒಂದು ಮುಖ್ಯ ಅಂಶ, ದೂರದ ಘಟಕ ಪ್ರಯೋಗಾಲಯಗಳನ್ನು ಒಡೆದು ಸ್ಲೈಡು ನೋಡುವ ತಂತ್ರಜ್ಞರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಕಳಿಸಿದ್ದು. ಔಷಧ, ಸಿಂಪಡಣೆಗಳ ಜೊತೆಗೆ ಈ ಕ್ರಮವೂ ಸೇರಿ, 1980ರ ದಶಕದ ಮಧ್ಯದ ಹೊತ್ತಿಗೆ ಪ್ರಕರಣಗಳು 20 ಲಕ್ಷದ ಆಸುಪಾಸಿಗೆ ಇಳಿದವು. ಹಳ್ಳಿಯ ಆಸ್ಪತ್ರೆಗಳಲ್ಲಿ ಇಂದು ಕಾಣುವ ಚಿಕ್ಕ ಪ್ರಯೋಗಾಲಯದ ಕೋಣೆಗೆ ಬಹುಮಟ್ಟಿಗೆ ಆ ಸೋಲೇ ಮೂಲ.

ತುಮಕೂರಿನ ಕೆಮ್ಮು

ಇದೇ ಕಥೆ ಇನ್ನೊಂದು ರೋಗದಲ್ಲಿ, ಕರ್ನಾಟಕದ ನೆಲದಲ್ಲೇ ನಡೆಯಿತು. 1959ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಉದ್ಘಾಟಿಸಿದರು. ಕ್ಷಯಕ್ಕೆ ಆಗಷ್ಟೇ ಒಳ್ಳೆಯ ಔಷಧಗಳು ಬಂದಿದ್ದವು. ಆದರೆ ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕುವುದು ಹೇಗೆ? ಎಕ್ಸ್-ರೇ ಯಂತ್ರ ಹೊತ್ತ ವಾಹನಗಳನ್ನು ಊರೂರಿಗೆ ಕಳಿಸುವುದು ಬಡ ದೇಶಕ್ಕೆ ಎಟುಕುವಂತಿರಲಿಲ್ಲ.

ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಹಲವರ ನಂಬಿಕೆಯನ್ನು ತಲೆಕೆಳಗು ಮಾಡಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬುದು ಸುಳ್ಳಾಗಿತ್ತು. ಬಹುತೇಕ ಎಲ್ಲ ರೋಗಿಗಳಿಗೂ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಜನ ಚಿಕಿತ್ಸೆ ಬೇಡಿ ಆಗಲೇ ಎಲ್ಲಾದರೂ ಹೋಗಿದ್ದರು. ಅಂಥವರು ಆಸ್ಪತ್ರೆಯ ಬಾಗಿಲಿಗೆ ಬಂದಾಗಲೇ ಕಫ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಡುಕುವ ಅರ್ಧ ಕೆಲಸ ಮುಗಿದಂತೆ.

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಸರಳ ವಿಚಾರದ ಮೇಲೆ ನಿಂತಿತ್ತು. ಜಿಲ್ಲೆಗೊಂದು ತಂಡ, ಅದರಲ್ಲಿ ವೈದ್ಯಾಧಿಕಾರಿಯ ಜೊತೆ ಒಬ್ಬ ಪ್ರಯೋಗಾಲಯ ತಂತ್ರಜ್ಞ. ಈ ತಂಡಗಳಿಗೆ ತರಬೇತಿ ಬೆಂಗಳೂರಿನ ಸಂಸ್ಥೆಯಲ್ಲಿ. ಇಡೀ ಏರ್ಪಾಡು ಹಳ್ಳಿಯ ಕೇಂದ್ರದಲ್ಲಿ ಕಫ ನೋಡುವ ಒಬ್ಬ ವ್ಯಕ್ತಿ ಇದ್ದಾನೆ ಎಂಬುದರ ಮೇಲೆ ಆಧರಿಸಿತ್ತು. ಆ ವ್ಯಕ್ತಿ ಎಷ್ಟೋ ಕಡೆ ಇರಲಿಲ್ಲ. ಇದ್ದಲ್ಲಿ ಮಲೇರಿಯಾ ಸ್ಲೈಡು, ಮೂತ್ರ, ರಕ್ತ ಎಲ್ಲವೂ ಅವನ ಮೇಲೆಯೇ. ಕಫದ ಸ್ಲೈಡನ್ನೂ ನೂರು ಕಡೆ ನೋಡಬೇಕು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂಥ ರೋಗಾಣು ಒಂದೆರಡು ಅಷ್ಟೇ ಸಿಗಬಹುದು. ಸೋಂಕಿನ ಭಯವೂ ಇದ್ದದ್ದೇ. ಕಫದ ಬಟ್ಟಲ ಮುಚ್ಚಳ ತೆಗೆಯುವ ಕೈ ತಂತ್ರಜ್ಞನದೇ.

1992ರಲ್ಲಿ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಈ ಕಾರ್ಯಕ್ರಮವನ್ನು ಪರಾಮರ್ಶಿಸಿದಾಗ ಕಂಡದ್ದೇನು? ಚಿಕಿತ್ಸೆ ಆರಂಭಿಸಿದವರಲ್ಲಿ ಅರ್ಧದಷ್ಟು ಜನರೂ ಅದನ್ನು ಪೂರ್ಣಗೊಳಿಸುತ್ತಿರಲಿಲ್ಲ. ರೋಗಪತ್ತೆಗೆ ಕಫದ ಬದಲು ಎಕ್ಸ್-ರೇ ಮೇಲೆಯೇ ಹೆಚ್ಚು ಅವಲಂಬನೆ. ಕಫ ಪರೀಕ್ಷೆಯ ಗುಣಮಟ್ಟ ಕಳಪೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಹಿಂದೆ ಹೇಳಿದ್ದ ಮಾತು ಕಾಗದದಲ್ಲೇ ಉಳಿದಿತ್ತು.

ಆಮೇಲೆ ಬಂದ ಪರಿಷ್ಕೃತ ಕಾರ್ಯಕ್ರಮ 1997ರಿಂದ ವಿಸ್ತರಿಸಿ 2006ರಲ್ಲಿ ಇಡೀ ದೇಶವನ್ನು ಆವರಿಸಿತು. ಅದು ಲೆಕ್ಕ ಹಾಕಿ ಮುಂದಡಿ ಇಟ್ಟಿತು. ಒಂದು ಲಕ್ಷ ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 50,000 ಜನಕ್ಕೆ, ಒಂದು ಕಫ ಪರೀಕ್ಷಾ ಕೇಂದ್ರ. ಎರಡು ಕಣ್ಣಿನ ಹೊಸ ಸೂಕ್ಷ್ಮದರ್ಶಕ. ಐದು ಲಕ್ಷ ಜನಕ್ಕೆ ಒಬ್ಬ ಹಿರಿಯ ಪ್ರಯೋಗಾಲಯ ಮೇಲ್ವಿಚಾರಕ. ನೋಡಿದ ಸ್ಲೈಡುಗಳಲ್ಲಿ ಕೆಲವನ್ನು ಫಲಿತಾಂಶ ತಿಳಿಸದೆ ಇನ್ನೊಬ್ಬರಿಂದ ಮತ್ತೆ ನೋಡಿಸುವ ಪದ್ಧತಿ. ಪ್ರಯೋಗಾಲಯಕ್ಕೆ ಮರ್ಯಾದೆ ಬಂದರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿಯಾಯಿತು. ರೋಗಪತ್ತೆಯೂ ಗುಣವಾಗುವವರ ಪ್ರಮಾಣವೂ ಏರಿದವು. ಆದರೆ ಈ ಮೇಲ್ವಿಚಾರಕರನ್ನೂ ಹಲವು ತಂತ್ರಜ್ಞರನ್ನೂ ತೆಗೆದುಕೊಂಡದ್ದು ಗುತ್ತಿಗೆಯ ಮೇಲೆ.

ತಾತ್ಕಾಲಿಕವೆಂಬ ಕಾಯಂ ವ್ಯವಸ್ಥೆ

ಇಲ್ಲಿಂದ ಸಂಬಳದ ಪ್ರಶ್ನೆ ಶುರುವಾಗುತ್ತದೆ. ಕ್ಷಯದಂತೆಯೇ ಏಡ್ಸ್ ನಿಯಂತ್ರಣದ ರಕ್ತಪರೀಕ್ಷಾ ಕೇಂದ್ರಗಳಿಗೂ ತಂತ್ರಜ್ಞರು ಗುತ್ತಿಗೆಯಲ್ಲಿ ಬಂದರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಈ ಪದ್ಧತಿ ಇಡೀ ಆರೋಗ್ಯ ಇಲಾಖೆಗೆ ಹಬ್ಬಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಪ್ರಯೋಗಾಲಯ ತಂತ್ರಜ್ಞ ಇರಲೇಬೇಕೆಂದು ಕೇಂದ್ರದ ಮಾನದಂಡ ಹೇಳಿತು. ಆ ಒಬ್ಬನನ್ನು ಬೇಗ ತುಂಬಲು ಗುತ್ತಿಗೆಯೇ ಸುಲಭದ ದಾರಿ ಎನಿಸಿತು.

ಒಂದೇ ಕೋಣೆ, ಒಂದೇ ಸೂಕ್ಷ್ಮದರ್ಶಕ, ಒಂದೇ ಡಿಪ್ಲೊಮಾ. ಕಾಯಂ ನೌಕರನಿಗೆ ವೇತನ ಶ್ರೇಣಿ, ತುಟ್ಟಿಭತ್ಯೆ, ವಾರ್ಷಿಕ ಬಡ್ತಿ, ಸಂಬಳ ಸಹಿತ ರಜೆ. ಪಕ್ಕದ ಕುರ್ಚಿಯಲ್ಲಿರುವ ಗುತ್ತಿಗೆ ನೌಕರನಿಗೆ ತಿಂಗಳಿಗಿಷ್ಟು ಎಂಬ ಸಂಚಿತ ವೇತನ, ಪ್ರತಿವರ್ಷ ನವೀಕರಣದ ಆತಂಕ. ಹತ್ತು ವರ್ಷ ದುಡಿದವನೂ ನಿನ್ನೆ ಬಂದವನೂ ಹೆಚ್ಚುಕಡಿಮೆ ಒಂದೇ ತಕ್ಕಡಿಯಲ್ಲಿ. ಕೈ ಪಳಗಿದ ತಂತ್ರಜ್ಞ ಖಾಸಗಿ ಸಂಸ್ಥೆಗೋ ಕೊಲ್ಲಿ ದೇಶಗಳಿಗೋ ಹೊರಟರೆ ಅವನನ್ನು ದೂರುವುದು ಹೇಗೆ? ಹೋದವನ ಜಾಗಕ್ಕೆ ಹೊಸಬ ಬರುವವರೆಗೆ ಎರಡು ಕೇಂದ್ರಗಳನ್ನು ಒಬ್ಬನೇ ವಾರಕ್ಕೆ ಮೂರು ದಿನದಂತೆ ನೋಡಿಕೊಳ್ಳಬೇಕು. ಉಳಿದ ಮೂರು ದಿನ ಬಂದ ರೋಗಿ ಖಾಸಗಿ ಪ್ರಯೋಗಾಲಯಕ್ಕೆ ಹಣ ತೆರಬೇಕು, ಇಲ್ಲವೇ ‘ನಾಳೆ ಬಾ’. ಕೊರತೆಗೂ ಸಂಬಳಕ್ಕೂ ಇರುವ ಗಂಟು ಇಲ್ಲಿದೆ. ಸಂಬಳ ಕಡಿಮೆಯಾದ್ದರಿಂದ ಜನ ನಿಲ್ಲುವುದಿಲ್ಲ. ಜನ ನಿಲ್ಲದ್ದರಿಂದ ಉಳಿದವರ ಹೊರೆ ಹೆಚ್ಚುತ್ತದೆ. ಹೊರೆ ಹೆಚ್ಚಿದ್ದರಿಂದ ಅವರೂ ಹೋಗುತ್ತಾರೆ.

ನ್ಯಾಯಾಲಯಗಳ ತೀರ್ಪುಗಳೂ ಈ ಕಥೆಯ ಭಾಗ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೊಟ್ಟ ಪ್ರಸಿದ್ಧ ತೀರ್ಪು ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದ್ದು. ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರು ಕಾಯಂ ಮಾಡಿರೆಂದು ಹಕ್ಕಿನಿಂದ ಕೇಳುವಂತಿಲ್ಲ ಎಂದು ಅದು ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ ಸಿಕ್ಕಿತು. ಹಿಂಬಾಗಿಲ ನೇಮಕಾತಿ ತಡೆಯುವುದು ತೀರ್ಪಿನ ಉದ್ದೇಶ. ಆದರೆ ತಾತ್ಕಾಲಿಕವಾಗಿಯೇ ಜನರನ್ನು ಇಟ್ಟುಕೊಳ್ಳಲು ಅದು ಇಲಾಖೆಗಳಿಗೆ ಗುರಾಣಿಯೂ ಆಯಿತು. 2016ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಸಾರಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಎಂಬುವರ ಪ್ರಕರಣದಲ್ಲಿ, ದೀರ್ಘಕಾಲ ದುಡಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧವಾಗಿ ಬಳಸಬಾರದೆಂದು ಎಚ್ಚರಿಸಿತು. ಇವು ಯಾವುವೂ ಪ್ರಯೋಗಾಲಯದವರೇ ಹೂಡಿದ ಮೊಕದ್ದಮೆಗಳಲ್ಲ. ಆದರೂ ಗುತ್ತಿಗೆ ತಂತ್ರಜ್ಞರ ಬದುಕು ಈ ತೀರ್ಪುಗಳ ನಡುವೆ ತೂಗುತ್ತಿದೆ.

ಸ್ಲೈಡಿಗಿಷ್ಟು ಎಂದು ಕೊಟ್ಟಾಗ

ಕೊರತೆ ಬಡ ದೇಶಗಳ ಪಾಡು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಯೂ ಸೂಕ್ಷ್ಮದರ್ಶಕದ ಕೆಲಸವೇ. 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ವರದಿಗಾರ ವಾಲ್ಟ್ ಬೊಗ್ಡಾನಿಚ್ ಅಲ್ಲಿನ ಕೆಲವು ಪ್ರಯೋಗಾಲಯಗಳ ಒಳಗುಟ್ಟು ಹೊರಗೆಡವಿದರು. ಕೆಲಸಗಾರರು ಸಾಲದು, ಇದ್ದವರಿಗೆ ಸ್ಲೈಡಿಗಿಷ್ಟು ಎಂಬ ಲೆಕ್ಕದಲ್ಲಿ ಕಡಿಮೆ ಕೂಲಿ. ಹೆಚ್ಚು ಸಂಪಾದಿಸಲು ಅವರು ಅವಸರದಲ್ಲಿ ನೋಡುತ್ತಿದ್ದರು. ತಪ್ಪಿಹೋದ ಕ್ಯಾನ್ಸರಿಗೆ ಮಹಿಳೆಯರು ಬಲಿಯಾದರು. ಈ ವರದಿಗಳಿಗೆ 1988ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ಅಮೆರಿಕದ ಸಂಸತ್ತು ಪ್ರಯೋಗಾಲಯಗಳ ಕಾಯ್ದೆಯನ್ನು ಬಿಗಿಗೊಳಿಸಿತು. ಒಬ್ಬರು 24 ಗಂಟೆಯಲ್ಲಿ 100ಕ್ಕಿಂತ ಹೆಚ್ಚು ಸ್ಲೈಡು ನೋಡುವಂತಿಲ್ಲ ಎಂಬುದು ಅಲ್ಲಿಂದ ಮುಂದೆ ನಿಯಮವಾಯಿತು. ಕಣ್ಣಿಗೂ ಗಮನಕ್ಕೂ ಮಿತಿಯಿದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಮೂಗಿನ ಕಡ್ಡಿಯ ದಿನಗಳು

2020ರ ಜನವರಿಯಲ್ಲಿ ಭಾರತದಲ್ಲಿ ಕೊರೊನಾ ಪರೀಕ್ಷೆ ನಡೆಸುತ್ತಿದ್ದುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೊಂದೇ. ವರ್ಷಾಂತ್ಯಕ್ಕೆ ಅಂಥ ಪ್ರಯೋಗಾಲಯಗಳು 2,000 ದಾಟಿದ್ದವು. ಯಂತ್ರಗಳನ್ನು ಕೊಂಡರು, ಕೋಣೆಗಳನ್ನು ಸಜ್ಜುಗೊಳಿಸಿದರು. ಜನ ಎಲ್ಲಿಂದ ಬಂದರು? ಕ್ಷಯ, ಏಡ್ಸ್, ಮಲೇರಿಯಾ ವಿಭಾಗಗಳಲ್ಲಿದ್ದ ತಂತ್ರಜ್ಞರನ್ನೇ ನಿಯೋಜಿಸಿದರು. ಸಾಲದ್ದಕ್ಕೆ ಕೆಲವು ತಿಂಗಳ ಗುತ್ತಿಗೆಯಲ್ಲಿ ಹೊಸಬರನ್ನು ತೆಗೆದುಕೊಂಡರು. ಮೈತುಂಬ ಮುಚ್ಚುವ ಉಡುಪಿನಲ್ಲಿ ಬೆವರುತ್ತ ಜನರ ಮೂಗು, ಗಂಟಲಿಗೆ ಕಡ್ಡಿ ಹಾಕಿದ ಇವರಿಗೆ ಹೂಮಳೆ, ಚಪ್ಪಾಳೆ ಸಂದವು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಕರ್ನಾಟಕದ ಗುತ್ತಿಗೆ ಮತ್ತು ಹೊರಗುತ್ತಿಗೆ ಆರೋಗ್ಯ ನೌಕರರು ಸಮಾನ ವೇತನ ಕೇಳಿ ಮುಷ್ಕರ ಹೂಡಬೇಕಾಯಿತು. 2023ರ ಆರಂಭದಲ್ಲಿ ಮತ್ತೆ ಅದೇ ಬೇಡಿಕೆಯೊಡನೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು.

ವೃತ್ತಿಗೊಂದು ಚೌಕಟ್ಟು ಸಿಕ್ಕದ್ದೂ ಆ ಹೊತ್ತಿಗೇ. ವೈದ್ಯರಿಗೆ, ದಾದಿಯರಿಗೆ, ಔಷಧ ವಿತರಕರಿಗೆ ದಶಕಗಳಿಂದ ರಾಷ್ಟ್ರೀಯ ಪರಿಷತ್ತುಗಳಿವೆ. ಪ್ರಯೋಗಾಲಯದವರಿಗೆ ಇರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ 2012ರಲ್ಲಿ ಸಿದ್ಧವಾದ ವರದಿಯೊಂದು ದೇಶದಲ್ಲಿ ವೈದ್ಯ, ದಾದಿಯರನ್ನು ಬಿಟ್ಟು ಉಳಿದ ಆರೋಗ್ಯ ವೃತ್ತಿಗಳವರ ಕೊರತೆ 64 ಲಕ್ಷದಷ್ಟು ಎಂದು ಅಂದಾಜಿಸಿತ್ತು. 2021ರ ಮಾರ್ಚ್‌ನಲ್ಲಿ ಸಂಸತ್ತು ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿ ಮೊದಲ ಹೆಸರು ವೈದ್ಯಕೀಯ ಪ್ರಯೋಗಾಲಯ ವೃತ್ತಿಯದು. ಶಿಕ್ಷಣ, ನೋಂದಣಿ, ವೃತ್ತಿಯ ಮಟ್ಟ ಇವುಗಳನ್ನು ಕಾಯ್ದೆ ನೋಡಿಕೊಳ್ಳುತ್ತದೆ. ಸಂಬಳವನ್ನು ಅದು ನಿಗದಿ ಮಾಡುವುದಿಲ್ಲ, ಖಾಲಿ ಹುದ್ದೆಯನ್ನು ತುಂಬುವುದೂ ಇಲ್ಲ.

ಯಂತ್ರಗಳು ಬಂದ ಮೇಲೆ ಮನುಷ್ಯರೇಕೆ ಎನ್ನುವವರಿದ್ದಾರೆ. ಮಲೇರಿಯಾಕ್ಕೆ ಹದಿನೈದಿಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿಸುವ ಕಿಟ್ ಇದೆ. ಕ್ಷಯಕ್ಕೆ ಬೆಂಗಳೂರಿನಲ್ಲೇ ಅಭಿವೃದ್ಧಿಗೊಂಡ ಟ್ರೂನ್ಯಾಟ್ ಯಂತ್ರವಿದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅನುಮೋದಿಸಿದೆ. ಇವು ಕಣ್ಣಿನ ಹೊರೆ ಇಳಿಸಿವೆ, ನಿಜ. ಆದರೂ ಮಾದರಿಯನ್ನು ಸರಿಯಾಗಿ ತೆಗೆಯುವುದು, ಒಬ್ಬರ ಹೆಸರು ಇನ್ನೊಬ್ಬರಿಗೆ ಅಂಟದಂತೆ ನೋಡುವುದು, ಯಂತ್ರ ತಪ್ಪು ಹೇಳಿದಾಗ ಸಂಶಯಪಡುವುದು, ಹೊಸ ಕಾಯಿಲೆ ಬಂದಾಗ ಹೊಸ ಪರೀಕ್ಷೆ ಕಲಿಯುವುದು ಮನುಷ್ಯರಿಂದಲೇ ಆಗಬೇಕು.

ದೇಶದಲ್ಲಿ ವರದಿಯಾದ ಮಲೇರಿಯಾ ಪ್ರಕರಣಗಳು 2015ರಲ್ಲಿ 11 ಲಕ್ಷಕ್ಕೂ ಹೆಚ್ಚಿದ್ದದ್ದು 2023ರಲ್ಲಿ ಎರಡೂಕಾಲು ಲಕ್ಷದ ಸುಮಾರಿಗೆ ಇಳಿದಿವೆ. 2030ರೊಳಗೆ ಸೊನ್ನೆಗೆ ತರುವುದು ಈಗಿನ ಗುರಿ. ಮತ್ತೊಮ್ಮೆ ಕೊನೆಯ ರೋಗಿಯವರೆಗೆ ಹುಡುಕಬೇಕಾದ ಘಟ್ಟ. ಪ್ರಕರಣ ಕಡಿಮೆಯಾದಷ್ಟೂ ‘ಇಲ್ಲ’ ಎಂದು ಖಚಿತವಾಗಿ ಹೇಳಬೇಕಾದ ಸ್ಲೈಡುಗಳು ಹೆಚ್ಚುತ್ತವೆ, ನೋಡುವವರಿಗೆ ಕೆಲಸವೇ ಇಲ್ಲ ಎಂಬ ಭ್ರಮೆಯೂ ಹೆಚ್ಚುತ್ತದೆ. 1965ರಲ್ಲಿ ದೇಶ ನಿಂತಿದ್ದದ್ದು ಸರಿಸುಮಾರು ಇದೇ ಜಾಗದಲ್ಲಿ.

ಅಂದಿನ ತಪ್ಪನ್ನು ತಿದ್ದಿದ ದಾರಿಯೂ ಚರಿತ್ರೆಯಲ್ಲೇ ಇದೆ. ಪ್ರಯೋಗಾಲಯವನ್ನು ರೋಗಿಯ ಹತ್ತಿರಕ್ಕೆ ತರುವುದನ್ನು 1977 ಕಲಿಸಿತು. ಇಷ್ಟು ಜನಕ್ಕೆ ಇಷ್ಟು ಕೇಂದ್ರ ಎಂಬ ಲೆಕ್ಕವನ್ನು ಕ್ಷಯ ಕಾರ್ಯಕ್ರಮ ಹಾಕಿ ತೋರಿಸಿತು. ಒಬ್ಬರಿಗೆ ಇಷ್ಟೇ ಸ್ಲೈಡು ಎಂಬ ಮಿತಿಯನ್ನು ಅಮೆರಿಕ ಸಾವುಗಳ ನಂತರ ಕಲಿಯಿತು. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನು ಉಳಿದಿರುವುದು, ಯೋಜನೆಯೊಂದರ ಅವಧಿಗೆಂದು ತೆಗೆದುಕೊಂಡ ಈ ಜನರನ್ನು ಆಸ್ಪತ್ರೆಯ ಕಾಯಂ ಸಿಬ್ಬಂದಿಯೆಂದು ಒಪ್ಪಿ, ಬಜೆಟ್ಟಿನಲ್ಲಿ ಅದಕ್ಕೆ ತಕ್ಕ ಹಣ ಇಡುವುದು. ಜ್ವರದ ಹಂಗಾಮು ಪ್ರತಿವರ್ಷ ಬರುತ್ತದೆ. ಬೆರಳು ಚುಚ್ಚಿಸಿಕೊಂಡು ಬೆಂಚಿನ ಮೇಲೆ ಕೂತವರಿಗೆ ವರದಿ ಬೇಕಾಗಿರುವುದು ಅಂದೇ.